ಶಾಲೆಯಿಂದ ಬರುವ ಬಂದೂಕಿನ ನೋಟಿಸ್: ಕ್ಯಾಲಿಫೋರ್ನಿಯಾದ ಕನ್ನಡ ಅಪ್ಪ-ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಆಗಸ್ಟ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಇಲ್ಲಿನ ಅಪ್ಪ-ಅಮ್ಮಂದಿರ ಇಮೇಲ್‌ಗೆ ಒಂದು ದೊಡ್ಡ ಕಟ್ಟು ಬಂದು ಬೀಳುತ್ತದೆ. ಲಸಿಕೆ, ಮಧ್ಯಾಹ್ನದ ಊಟ, ಫೋಟೊ ತೆಗೆಯಲು ಒಪ್ಪಿಗೆ, ಕ್ರೋಮ್‌ಬುಕ್ ಒಡೆದರೆ ಯಾರು ದುಡ್ಡು ಕೊಡಬೇಕು, ಹೀಗೆ ಪುಟಗಟ್ಟಲೆ. ನಾವು ಮಾಡುವುದು ಏನು? ಕೆಳಗಿನ ತನಕ ಸ್ಕ್ರೋಲ್ ಮಾಡಿ, ಟಿಕ್ ಹಾಕಿ, ಸಹಿ ಒತ್ತಿ ಮುಗಿಸುತ್ತೇವೆ. ಆ ಕಟ್ಟಿನೊಳಗೆ ಬಂದೂಕು ಹೇಗೆ ಇಡಬೇಕು ಅನ್ನುವ ಒಂದು ನೋಟಿಸ್ ಇದೆ. ಅದನ್ನು ಓದಿದವರೂ "ನಮ್ಮನೇಲಿ ಬಂದೂಕೇ ಇಲ್ಲ, ನಮಗ್ಯಾಕೆ" ಅಂತ ಮುಂದೆ ಹೋಗುತ್ತಾರೆ.

ಆದರೆ ಮಗು ಯಾವಾಗಲೂ ನಿಮ್ಮ ಮನೆಯಲ್ಲೇ ಇರುವುದಿಲ್ಲ, ಅಲ್ವಾ? ಗೆಳೆಯನ ಮನೆಗೆ ಆಡಲು ಹೋಗುತ್ತದೆ, ಸ್ಲೀಪ್‌ಓವರ್‌ಗೆ ಹೋಗುತ್ತದೆ, ಟ್ಯೂಷನ್ನಿಗೆ ಹೋಗುತ್ತದೆ. 2021ರ ಒಂದು ಸಮೀಕ್ಷೆಯ ಲೆಕ್ಕದಲ್ಲಿ, ಗುಂಡು ತುಂಬಿದ ಬಂದೂಕನ್ನು ಬೀಗವಿಲ್ಲದೆ ಇಟ್ಟಿರುವ ಮನೆಗಳಲ್ಲಿ ಅಮೆರಿಕದ ಸುಮಾರು 46 ಲಕ್ಷ ಮಕ್ಕಳು ಬೆಳೆಯುತ್ತಿದ್ದಾರೆ. 2020ರಿಂದ ಈ ದೇಶದಲ್ಲಿ ಮಕ್ಕಳ ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಗುಂಡೇಟು. ವಾಹನ ಅಪಘಾತ ಕೂಡ ಅದರ ಹಿಂದೆ. ಶಾಲೆಯವರು ಮನೆಗೇ ಯಾಕೆ ಬರೆಯುತ್ತಾರೆ ಅಂದರೆ, 2008ರಿಂದ 2017ರ ನಡುವೆ ನಡೆದ ಶಾಲಾ ದಾಳಿಗಳನ್ನು ಅಮೆರಿಕದ ಸೀಕ್ರೆಟ್ ಸರ್ವಿಸ್ ಕೂತು ನೋಡಿ 2019ರಲ್ಲಿ ಒಂದು ವರದಿ ಕೊಟ್ಟಿತು. ಬಂದೂಕು ಬಳಸಿದವರಲ್ಲಿ ಮುಕ್ಕಾಲು ಪಾಲು ಜನ ಅದನ್ನು ತಂದದ್ದು ಅಪ್ಪ-ಅಮ್ಮನ ಅಥವಾ ಹತ್ತಿರದ ನೆಂಟರ ಮನೆಯಿಂದ. ಶಾಲೆಯ ಗೇಟಿಗೆ ಎಷ್ಟು ಕಾವಲು ಹಾಕಿದರೂ ಬಂದೂಕು ಹೊರಡುವುದು ಯಾರದೋ ಬೆಡ್‌ರೂಮಿನ ಕಪಾಟಿನಿಂದ. ಹಾಗಾಗಿ ಈ ನೋಟಿಸ್ ಬಂದೂಕು ಇರುವವರಿಗೆ ಎಷ್ಟೋ, ಇಲ್ಲದವರಿಗೂ ಅಷ್ಟೇ.

ಹೆಜ್ಜೆ 1: ನೋಟಿಸ್ ಹುಡುಕಿ, ಓದಿ

ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಎರಡು ಕಾನೂನು ಬಂದವು, ಎಬಿ 452 ಮತ್ತು ಎಸ್‌ಬಿ 906. ಅವುಗಳ ಪ್ರಕಾರ 2023-24ರ ಶಾಲಾ ವರ್ಷದಿಂದ ಪ್ರತಿ ವರ್ಷ ಶಾಲೆಗಳು ಅಪ್ಪ-ಅಮ್ಮಂದಿರಿಗೆ ಬಂದೂಕಿನ ಸುರಕ್ಷತೆಯ ಬಗ್ಗೆ ತಿಳಿಸಲೇಬೇಕು. ಸಾಮಾನ್ಯವಾಗಿ ಇದು ವರ್ಷದ ಶುರುವಿನ ಕಟ್ಟಿನಲ್ಲಿ ಇರುತ್ತದೆ. ಪೇರೆಂಟ್‌ಸ್ಕ್ವೇರ್, ಏರೀಸ್, ಪವರ್‌ಸ್ಕೂಲ್, ನಿಮ್ಮ ಡಿಸ್ಟ್ರಿಕ್ಟ್ ಯಾವುದನ್ನು ಬಳಸುತ್ತದೋ ಅದರಲ್ಲಿ ಫೈರ್‌ಆರ್ಮ್ ಅಂತ ಹುಡುಕಿದರೆ ಸಿಗುತ್ತದೆ.

ಓದುವಾಗ ಎರಡು ವಿಷಯ ಗಮನಿಸಿ. ಮೊದಲನೆಯದು, ಕಾನೂನಿನಲ್ಲಿ ಮಗು ಅಂದರೆ 18 ತುಂಬದ ಯಾರಾದರೂ. ನಿಮ್ಮ ಮಗುವೇ ಆಗಬೇಕೆಂದಿಲ್ಲ, ಹುಟ್ಟುಹಬ್ಬಕ್ಕೆ ಬಂದ ಪಕ್ಕದ ಮನೆಯ ಹುಡುಗನೂ ಸೇರಿದ. ಎರಡನೆಯದು, ಅನಾಹುತ ಆದಮೇಲೆ ಮಾತ್ರ ಕೇಸು ಅಂತಿಲ್ಲ. ಮಗುವಿನ ಕೈಗೆ ಸಿಗಬಹುದಾದ ಕಡೆ ಗುಂಡು ತುಂಬಿದ ಬಂದೂಕನ್ನು ಉದಾಸೀನದಿಂದ ಬಿಟ್ಟರೆ ಅದೇ ಅಪರಾಧ. ಮಗು ಅದನ್ನು ಮುಟ್ಟದೇ ಇದ್ದರೂ ಅಪರಾಧವೇ. ಮಗು ಎತ್ತಿಕೊಂಡು ಯಾರಿಗಾದರೂ ಗಾಯ ಮಾಡಿದರೆ ಶಿಕ್ಷೆ ಜಾಸ್ತಿ. ಶಾಲೆಗೆ ಒಯ್ದರೆ ಅದಕ್ಕೆ ಬೇರೆಯೇ ಕಲಂ ಇದೆ. ಇದರ ಮೇಲೆ ಸಿವಿಲ್ ಹೊಣೆ: ಅಪ್ರಾಪ್ತ ಮಗು ಗುಂಡು ಹಾರಿಸಿ ಆದ ನಷ್ಟಕ್ಕೆ ಅಪ್ಪ-ಅಮ್ಮ, ಗಾಯಗೊಂಡ ಅಥವಾ ಸತ್ತ ಒಬ್ಬರ ಲೆಕ್ಕದಲ್ಲಿ 30,000 ಡಾಲರ್, ಒಂದು ಘಟನೆಗೆ ಒಟ್ಟು 60,000 ಡಾಲರ್ ತನಕ ಕೊಡಬೇಕಾಗಬಹುದು.

ಇಂಗ್ಲಿಷ್ ಬಾರದ ಅಜ್ಜಿ-ತಾತ ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದರೆ ಅವರಿಗೆ ಇದನ್ನು ಬಾಯಲ್ಲೇ ಹೇಳಿ. ಶಾಲೆಯಲ್ಲಿ ಶೇಕಡಾ 15ಕ್ಕಿಂತ ಕಡಿಮೆ ಮಕ್ಕಳು ಮಾತಾಡುವ ಭಾಷೆಗೆ ನೋಟಿಸನ್ನು ಅನುವಾದಿಸಲೇಬೇಕು ಅಂತ ಕಾನೂನಿಲ್ಲ. ಕನ್ನಡದಲ್ಲಿ ಬರುತ್ತದೆ ಅಂತ ಕಾಯಬೇಡಿ.

ಹೆಜ್ಜೆ 2: ಶಾಲೆಯ ಬಳಿ ಇರುವ ನಿಮ್ಮ ವಿವರ ಸರಿಮಾಡಿ

ಹತ್ತು ನಿಮಿಷದ ಕೆಲಸ. ಆದರೂ ತುಂಬಾ ಜನ ಮಾಡುವುದಿಲ್ಲ. ಫೋನ್ ನಂಬರ್ ಬದಲಾಗಿದೆಯಾ? ಗಂಡ-ಹೆಂಡತಿ ಇಬ್ಬರ ನಂಬರೂ ಇದೆಯಾ? ಬರೀ ಆ್ಯಪ್ ನೋಟಿಫಿಕೇಷನ್ ನಂಬಬೇಡಿ, ಎಸ್ಸೆಮ್ಮೆಸ್ ಮತ್ತು ವಾಯ್ಸ್ ಕಾಲ್ ಕೂಡ ಆನ್ ಮಾಡಿ. ಆಫೀಸಿನ ಮೀಟಿಂಗಿನಲ್ಲಿ ಫೋನ್ ಸೈಲೆಂಟ್ ಇಡುವವರು ಶಾಲೆಯ ನಂಬರನ್ನು ಫೇವರಿಟ್‌ಗೆ ಹಾಕಿ, ಆಗ ಡು ನಾಟ್ ಡಿಸ್ಟರ್ಬ್ ಇದ್ದರೂ ರಿಂಗ್ ಆಗುತ್ತದೆ.

ಮಗುವನ್ನು ಕರೆದುಕೊಂಡು ಹೋಗಬಹುದಾದವರ ಪಟ್ಟಿಯಲ್ಲಿ ಹತ್ತಿರದಲ್ಲೇ ಇರುವ ಇಬ್ಬರ ಹೆಸರಾದರೂ ಇರಲಿ. ಊರಿಂದ ಬಂದ ಅತ್ತೆ-ಮಾವ ಕರೆತರುವುದಾದರೆ ಅವರ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ. ಮನೆಯಲ್ಲಿ ಎಲ್ಲರೂ ಕರೆಯುವ ಹೆಸರು ಅಲ್ಲಿ ನಡೆಯುವುದಿಲ್ಲ. ಗಲಾಟೆಯ ದಿನ ಫೋಟೊ ಐಡಿ ನೋಡದೆ ಮಗುವನ್ನು ಯಾರ ಕೈಗೂ ಕೊಡುವುದಿಲ್ಲ.

ಹೆಜ್ಜೆ 3: ಅಲರ್ಟಿನ ಪದಗಳನ್ನು ಮೊದಲೇ ತಿಳಿದುಕೊಳ್ಳಿ

ವರ್ಷಕ್ಕೊಮ್ಮೆ ಬರುವ ನೋಟಿಸ್ ಬೇರೆ, ಬೆಳಗ್ಗೆ ಹನ್ನೊಂದಕ್ಕೆ ತಟ್ಟಂತ ಬರುವ ಅಲರ್ಟ್ ಬೇರೆ. ತುಂಬಾ ಶಾಲೆಗಳು ಐದು ಪದಗಳನ್ನು ಬಳಸುತ್ತವೆ. ಹೋಲ್ಡ್ ಅಂದರೆ ಮಕ್ಕಳು ಕ್ಲಾಸಿನಲ್ಲೇ ಇರಲಿ, ಕಾರಿಡಾರ್ ಖಾಲಿ ಬಿಡಿ ಅಂತ. ಯಾವುದೋ ಮಗುವಿಗೆ ಹುಷಾರಿಲ್ಲದೆ ಆಂಬುಲೆನ್ಸ್ ಬಂದಿರಬಹುದು. ಸೆಕ್ಯೂರ್ ಅಂದರೆ ತೊಂದರೆ ಶಾಲೆಯ ಹೊರಗೆ, ಹತ್ತಿರದ ಬೀದಿಯಲ್ಲಿ ಪೊಲೀಸರು ಯಾರನ್ನೋ ಹುಡುಕುತ್ತಿರಬಹುದು. ಹೊರಬಾಗಿಲು ಹಾಕಿ ಒಳಗೆ ಪಾಠ ನಡೆಸುತ್ತಾರೆ. ಲಾಕ್‌ಡೌನ್ ಮಾತ್ರ ಗಂಭೀರ. ಅಪಾಯ ಒಳಗೇ ಇದೆ ಅಥವಾ ಇರಬಹುದು, ಬಾಗಿಲು ಹಾಕಿ, ದೀಪ ಆರಿಸಿ, ಕಣ್ಣಿಗೆ ಬೀಳದ ಹಾಗೆ ಕೂರಬೇಕು. ಉಳಿದವು ಇವ್ಯಾಕ್ಯುಯೇಟ್ (ಕಟ್ಟಡ ಬಿಟ್ಟು ಬೇರೆ ಜಾಗಕ್ಕೆ ಹೋಗುವುದು) ಮತ್ತು ಶೆಲ್ಟರ್ (ಇದ್ದಲ್ಲೇ ಆಸರೆ ಪಡೆಯುವುದು), ಬೆಂಕಿ-ಭೂಕಂಪಕ್ಕೂ ಅವೇ.

ಲಾಕ್‌ಡೌನ್ ಅಂತ ಬಂದಾಗ ಎದೆ ಧಸಕ್ಕೆನ್ನುತ್ತದೆ, ಕಾರಿನ ಕೀಲಿಗೆ ಕೈ ಹೋಗುತ್ತದೆ. ಹೋಗಬೇಡಿ. ಶಾಲೆಯ ಮುಂದಿನ ರಸ್ತೆಯಲ್ಲಿ ಅಪ್ಪ-ಅಮ್ಮಂದಿರ ಕಾರು ತುಂಬಿದರೆ ಪೊಲೀಸ್ ಗಾಡಿಗೂ ಆಂಬುಲೆನ್ಸಿಗೂ ದಾರಿ ಇರುವುದಿಲ್ಲ. ಮಗುವಿಗೆ ಫೋನ್ ಮಾಡಲೂ ಬೇಡಿ. ಕತ್ತಲಲ್ಲಿ ಸದ್ದಿಲ್ಲದೆ ಕೂತ ಕ್ಲಾಸಿನಲ್ಲಿ ಫೋನ್ ಗುನುಗುಟ್ಟಿದರೆ ಏನಾಗುತ್ತದೆ ಯೋಚಿಸಿ. ಮಗುವೇ ಮೆಸೇಜ್ ಮಾಡಿದರೆ ಚಿಕ್ಕದಾಗಿ ಉತ್ತರಿಸಿ: "ಟೀಚರ್ ಹೇಳಿದ ಹಾಗೆ ಮಾಡು ಪುಟ್ಟಾ, ನಾವು ಇಲ್ಲೇ ಇದ್ದೇವೆ." ಮಕ್ಕಳನ್ನು ಒಪ್ಪಿಸುವ ಜಾಗ ಶಾಲೆಯೇ ಆಗಿರಬೇಕೆಂದಿಲ್ಲ. ಪಕ್ಕದ ಪಾರ್ಕೋ ಚರ್ಚೋ ಆಗಬಹುದು, ಮೆಸೇಜಿನಲ್ಲಿ ತಿಳಿಸುತ್ತಾರೆ. ಐಡಿ ಹಿಡಿದು ಅಲ್ಲಿಗೆ ಹೋಗಿ. ಆ ಹೊತ್ತಿನಲ್ಲಿ ಕನ್ನಡ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡುವ "ಯಾರೋ ಹೇಳಿದರು" ಸುದ್ದಿಯನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಹೆಜ್ಜೆ 4: ಬೇರೆ ಮನೆಗೆ ಕಳಿಸುವ ಮೊದಲು ಕೇಳಿ

ನನ್ನ ಲೆಕ್ಕದಲ್ಲಿ ಇಡೀ ಪಟ್ಟಿಯಲ್ಲಿ ಇದೇ ಮುಖ್ಯ. ನಮಗೆ ಕಷ್ಟವಾಗುವುದೂ ಇದೇ. "ನಿಮ್ಮನೇಲಿ ಬಂದೂಕು ಇದೆಯಾ" ಅಂತ ಕೇಳುವುದು ನಮಗೆ ಸಂಬಳ ಎಷ್ಟು ಅಂತ ಕೇಳುವುದಕ್ಕಿಂತ ದೊಡ್ಡ ಸಂಕೋಚ. (ಸಂಬಳವನ್ನಾದರೂ ಕೆಲವರು ಕೇಳಿಬಿಡುತ್ತಾರೆ.) ಆದರೆ ಅಮೆರಿಕದಲ್ಲಿ ಈ ಪ್ರಶ್ನೆ ಹೊಸದಲ್ಲ. ಮಕ್ಕಳ ವೈದ್ಯರೇ ಇದನ್ನು ಕೇಳಿ ಅನ್ನುತ್ತಾರೆ. ಕೇಳುವುದನ್ನು ನೆನಪಿಸಲು ಜೂನ್ 21ರಂದು ಆಸ್ಕ್ ಡೇ ಅಂತ ಒಂದು ದಿನವೇ ಇದೆ. ಬೇಸಿಗೆ ರಜೆಯ ಓಡಾಟ ಶುರುವಾಗುವುದೂ ಆಗಲೇ.

ಉಪಾಯ ಏನೆಂದರೆ ಇದನ್ನು ಒಂಟಿಯಾಗಿ ಕೇಳಬೇಡಿ. ನಿಮ್ಮ ಕಡೆಯ ವಿಷಯ ಮೊದಲು ಹೇಳಿ, ಉಳಿದ ಪ್ರಶ್ನೆಗಳ ನಡುವೆ ಇದನ್ನೂ ಸೇರಿಸಿ. ಅದೂ ಮೆಸೇಜಿನಲ್ಲಿ ಕೇಳುವುದು ಸುಲಭ, ಎದುರಿಗೆ ನಿಂತು ತಡವರಿಸಬೇಕಿಲ್ಲ. ಹೀಗೆ: "ಅವಳಿಗೆ ಗೋಡಂಬಿ ಆಗಲ್ಲ, ನಾಯಿ ಕಂಡರೆ ಸ್ವಲ್ಪ ಹೆದರಿಕೆ. ನಿಮ್ಮಲ್ಲಿ ಈಜುಕೊಳ ಇದ್ದರೆ ಗೇಟ್ ಹಾಕಿರುತ್ತಾ? ಇನ್ನೊಂದು, ಎಲ್ಲರ ಹತ್ತಿರವೂ ಕೇಳುತ್ತೇವೆ, ಮನೆಯಲ್ಲಿ ಬಂದೂಕು ಇದ್ದರೆ ಬೀಗ ಹಾಕಿ ಇಟ್ಟಿದೀರಾ?" ಇದೆಯಾ ಇಲ್ಲವಾ ಅನ್ನುವುದಕ್ಕಿಂತ "ಇದ್ದರೆ ಬೀಗ ಹಾಕಿದೆಯಾ" ಅಂತ ಕೇಳುವುದು ಮೇಲು. ಇಟ್ಟುಕೊಳ್ಳುವುದು ಸರಿಯೋ ತಪ್ಪೋ ಅನ್ನುವ ವಾದಕ್ಕೆ ನೀವು ಹೋಗುತ್ತಿಲ್ಲ ಅಂತ ಎದುರಿನವರಿಗೆ ಗೊತ್ತಾಗುತ್ತದೆ. "ಎಲ್ಲರ ಹತ್ತಿರವೂ" ಅನ್ನುವ ಮಾತು ಬಿಡಬೇಡಿ, ಮತ್ತು ನಿಜವಾಗಿ ಎಲ್ಲರ ಹತ್ತಿರವೂ ಕೇಳಿ.

ನಮ್ಮವರ ಮನೆಗಾದರೆ ಕೇಳುವುದೇ ಬೇಡ ಅಂದುಕೊಳ್ಳಬೇಡಿ. ಇಲ್ಲಿ ಬಂದು ಗ್ರೀನ್ ಕಾರ್ಡ್, ಪೌರತ್ವ ಆದಮೇಲೆ ರೇಂಜಿಗೆ ಹೋಗುವ ಹವ್ಯಾಸಕ್ಕೆ ಬಿದ್ದವರು, ಕಳ್ಳತನದ ಭಯಕ್ಕೆ ಪಿಸ್ತೂಲು ಕೊಂಡವರು ನಮ್ಮ ನಡುವೆಯೂ ಇದ್ದಾರೆ. ಕೊಡಗು, ಮಲೆನಾಡಿನ ಕಡೆಯವರಿಗಂತೂ ಕೋವಿ ಹೊಸದಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವರಿಗೆ ಅದರ ಮೇಲೆ ಗೌರವ ಇರುತ್ತದೆ, ನಿಜ. ಆದರೆ ಆ ಗೌರವ ನಿಮಗಿದೆ, ಸ್ಯಾನ್ ಹೊಸೆಯಲ್ಲಿ ಹುಟ್ಟಿ ವಿಡಿಯೊ ಗೇಮ್ ಆಡಿ ಬೆಳೆದ ಹನ್ನೆರಡರ ಹುಡುಗನಿಗೆ ಇರಬೇಕಲ್ಲ. ಹತ್ತಿರದವರಾದರೆ "ಅಕ್ಕಾ, ಬೇಜಾರು ಮಾಡ್ಕೋಬೇಡಿ, ಸ್ಕೂಲಿಂದ ನೋಟಿಸ್ ಬಂದಿತ್ತು, ಅದಕ್ಕೇ ಕೇಳ್ತಿದೀನಿ" ಅನ್ನಿ. ಶಾಲೆಯ ಮೇಲೆ ಹಾಕಿಬಿಡಿ. ನೋಟಿಸಿನ ದೊಡ್ಡ ಉಪಯೋಗವೇ ಅದು.

ಉತ್ತರ ಸರಿ ಬರದಿದ್ದರೆ, ಅಥವಾ "ಮೇಲಿನ ಕಪಾಟಿನಲ್ಲಿದೆ, ಮಕ್ಕಳಿಗೆ ಗೊತ್ತಿಲ್ಲ" ಅಂತ ಬಂದರೆ, ಜಗಳ ಬೇಡ. "ನಮ್ಮಲ್ಲೇ ಆಡಲಿ, ನಾನು ದೋಸೆ ಹಾಕ್ತೀನಿ" ಅಂದರೆ ಮುಗಿಯಿತು.

ಹೆಜ್ಜೆ 5: ವೀಸಾ ನೋಡಿಕೊಳ್ಳಿ

ಇದು ಶಾಲೆಯ ನೋಟಿಸಿನಲ್ಲಿ ಇರುವುದಿಲ್ಲ, ನಮ್ಮಂಥವರಿಗೆ ಮಾತ್ರ ಬೇಕಾದ ವಿಷಯ. ಎಚ್-1ಬಿ, ಎಚ್-4, ಎಲ್-1, ಎಫ್-1 ಹೀಗೆ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇರುವವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು. ಗಂಡನಿಗೆ ಗ್ರೀನ್ ಕಾರ್ಡ್ ಬಂದು ಹೆಂಡತಿ ಇನ್ನೂ ವೀಸಾದಲ್ಲೇ ಇರುವ ಮನೆಗೆ ಬಂದೂಕು ತರುವ ಮೊದಲು ವಕೀಲರನ್ನು ಕೇಳಿ. ಸೇಫಿನ ಕೀಲಿ ಹೆಂಡತಿಯ ಕೈಯಲ್ಲೂ ಇದ್ದರೆ ಅದು "ಇಟ್ಟುಕೊಂಡ" ಲೆಕ್ಕಕ್ಕೆ ಬರಬಹುದು. ಗೆಳೆಯ ಶೂಟಿಂಗ್ ರೇಂಜಿಗೆ ಕರೆದಾಗಲೂ ಇದೇ ಯೋಚನೆ ಇರಲಿ. ಇಷ್ಟು ವರ್ಷ ಕಾದ ವೀಸಾವನ್ನು ಒಂದು ಭಾನುವಾರದ ಮೋಜಿಗೆ ಕಳೆದುಕೊಳ್ಳುವುದು ಯಾಕೆ?

ಹೆಜ್ಜೆ 6: ಬಂದೂಕು ಇದ್ದರೆ, ಇಡುವ ಕ್ರಮ

ಮೊದಲು ಗುಂಡು ತೆಗೆಯಿರಿ. ನಳಿಗೆ ಯಾರ ಕಡೆಯೂ ಇರಬಾರದು, ಬೆರಳು ಟ್ರಿಗರ್‌ನಿಂದ ದೂರ. ಪಿಸ್ತೂಲಾದರೆ ಮೊದಲು ಮ್ಯಾಗಝೀನ್ (ಗುಂಡು ತುಂಬಿಡುವ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆದು ಚೇಂಬರಿನೊಳಗೆ (ಹಾರುವ ಮುಂಚೆ ಗುಂಡು ಕೂರುವ ಗೂಡು) ಕಣ್ಣಿಟ್ಟು ನೋಡಿ. ಈ ಕ್ರಮ ತಪ್ಪಬಾರದು. ಮ್ಯಾಗಝೀನ್ ತೆಗೆದ ಕೂಡಲೇ ಖಾಲಿಯಾಯಿತು ಅಂದುಕೊಳ್ಳುವುದೇ ದೊಡ್ಡ ತಪ್ಪು, ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಮೊದಲು ಸ್ಲೈಡ್ ಎಳೆದರೆ ಮ್ಯಾಗಝೀನಿನಿಂದ ಇನ್ನೊಂದು ಗುಂಡು ಚೇಂಬರಿಗೆ ಬಂದು ಕೂರುತ್ತದೆ.

ಆಮೇಲೆ ಬೀಗ. ಕೇಬಲ್ ಲಾಕ್ ಎಲ್ಲಕ್ಕಿಂತ ಅಗ್ಗ. ಬಂದೂಕಿನ ಒಳಗಿನಿಂದ ತೂರಿಸಿ ಬೀಗ ಹಾಕಿದರೆ ಬಂದೂಕು ಮುಚ್ಚಿಕೊಳ್ಳುವುದೇ ಇಲ್ಲ, ಗುಂಡು ಹಾರುವುದಿಲ್ಲ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಅನ್ನುವ ಯೋಜನೆಯಲ್ಲಿ ಎಷ್ಟೋ ಪೊಲೀಸ್ ಠಾಣೆಗಳು ಇದನ್ನು ಪುಕ್ಕಟೆ ಕೊಡುತ್ತವೆ, ಫೋನ್ ಮಾಡಿ ಕೇಳಿ. ಟ್ರಿಗರ್ ಲಾಕನ್ನು ಗುಂಡು ತುಂಬಿದ ಬಂದೂಕಿಗೆ ಯಾವತ್ತೂ ಹಾಕಬೇಡಿ. ಹಾಕುವಾಗಲೇ ಹಾರಬಹುದು. ಕೈಪೆಟ್ಟಿಗೆ ಥರದ ಲಾಕ್‌ಬಾಕ್ಸ್ ಒಂದು ಪಿಸ್ತೂಲಿಗೆ ಸಾಕು, ಆದರೆ ಅದನ್ನೇ ಎತ್ತಿಕೊಂಡು ಹೋಗಬಹುದಲ್ಲ, ಹಾಗಾಗಿ ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿಸಿ. ಗಾಜಿನ ಬಾಗಿಲಿನ ಚೆಂದದ ಮರದ ಕಪಾಟು ಸೇಫ್ ಅಲ್ಲ, ಶೋಕೇಸ್.

ಕ್ಯಾಲಿಫೋರ್ನಿಯಾದಲ್ಲಿ ಇದು ಈಗ ಬರೀ ಸಲಹೆಯಲ್ಲ. ಎಸ್‌ಬಿ 53 ಅನ್ನುವ ಕಾನೂನಿನ ಪ್ರಕಾರ 2026ರ ಜನವರಿ 1ರಿಂದ, ಮನೆಯಲ್ಲಿ ಮಕ್ಕಳಿರಲಿ ಬಿಡಲಿ, ಕೈಯಳತೆಯಲ್ಲಿ ಇಲ್ಲದ ಪ್ರತಿ ಬಂದೂಕಿಗೂ ರಾಜ್ಯದ ನ್ಯಾಯ ಇಲಾಖೆ ಒಪ್ಪಿದ ಸಾಧನದಲ್ಲೇ ಬೀಗ ಬೀಳಬೇಕು. ಒಪ್ಪಿದ ಸಾಧನಗಳ ಪಟ್ಟಿ ಇಲಾಖೆಯ ವೆಬ್‌ಸೈಟಿನಲ್ಲಿ ಇದೆ. ಆನ್‌ಲೈನ್‌ನಲ್ಲಿ ಕೊಳ್ಳುವ ಮೊದಲು ಮಾಡೆಲ್ ನಂಬರ್ ಅಲ್ಲಿ ಇದೆಯಾ ನೋಡಿ.

ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಇಡಿ. ಎರಡಕ್ಕೂ ಒಂದೇ ಕೀಲಿ ಆದರೆ ಸುಮ್ನೆ ಬೇರೆ ಇಟ್ಟಂತಾಯಿತು ಅಷ್ಟೇ.

ಇನ್ನು ಕೀಲಿ. ಜನ ಎಡವುವುದು ಇಲ್ಲೇ. ಸೇಫ್ ಸಾವಿರ ಡಾಲರಿಂದು, ಕೀಲಿ ದೇವರ ಕೋಣೆಯ ಡ್ರಾಯರಿನಲ್ಲಿ! ಸೀಕ್ರೆಟ್ ಸರ್ವಿಸ್ ನೋಡಿದ ದಾಳಿಗಳಲ್ಲೂ ಬೀಗ ಹಾಕಿದ ಸೇಫಿನಿಂದಲೇ ಬಂದೂಕು ತೆಗೆದ ಮಕ್ಕಳಿದ್ದರು. ಹುಟ್ಟುಹಬ್ಬದ ಉಡುಗೊರೆಯನ್ನು ಎಲ್ಲಿ ಬಚ್ಚಿಟ್ಟರೂ ಮಕ್ಕಳಿಗೆ ಗೊತ್ತಾಗುತ್ತದೆ, ಇದೂ ಗೊತ್ತಾಗುತ್ತದೆ. ನಂಬರಿನ ಬೀಗವಾದರೆ ಕಂಪನಿಯಿಂದ ಬಂದ ನಂಬರನ್ನು ಮೊದಲ ದಿನವೇ ಬದಲಿಸಿ. ಮಗುವಿನ ಜನ್ಮದಿನ, ಮನೆ ನಂಬರ್, ಫೋನಿನ ಪಾಸ್‌ಕೋಡ್ ಬೇಡ. ಮನೆಮಂದಿಯೆಲ್ಲ ನೋಡುವ ನೋಟ್ಸ್ ಆ್ಯಪಿನಲ್ಲಿ ಬರೆದಿಡಬೇಡಿ.

ಬೆರಳಚ್ಚಿನ ಸೇಫ್ ಇದ್ದರೆ ನಿಮ್ಮ ಬೆರಳಿಗೆ ತೆರೆಯುತ್ತದಾ ಅಂತ ನೋಡಿದರೆ ಸಾಲದು, ಬೇರೆಯವರ ಬೆರಳಿಗೆ ತೆರೆಯುವುದಿಲ್ಲವಾ ಅಂತ ನೋಡಬೇಕು. ಒಳಗೆ ಏನೂ ಇಡದೆ ಮೊದಲು ಪರೀಕ್ಷೆ ಮಾಡಿ. 2023ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಸುಮಾರು 61,000 ಇಂಥ ಸೇಫ್‌ಗಳನ್ನು ವಾಪಸ್ ಕರೆಸಿಕೊಂಡರು. ನೋಂದಾಯಿಸದ ಬೆರಳಿಗೂ ತೆರೆಯುತ್ತಿದ್ದವು, 12 ವರ್ಷದ ಒಬ್ಬ ಹುಡುಗ ಸತ್ತಿದ್ದ. ನಿಮ್ಮ ಮಾಡೆಲ್ ಆ ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಿ.

ಕಾರಿನಲ್ಲಿ ಪಿಸ್ತೂಲು ಬಿಟ್ಟು ಇಳಿಯುವುದಾದರೆ ಡಿಕ್ಕಿಯಲ್ಲಿ ಅಥವಾ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಹೊರಗಿನಿಂದ ಕಾಣದ ಹಾಗೆ. ಗ್ಲೋವ್ ಬಾಕ್ಸ್ ಲೆಕ್ಕಕ್ಕಿಲ್ಲ. ಕಳೆದರೆ, ಕಳ್ಳತನವಾದರೆ ಗೊತ್ತಾದ 5 ದಿನದೊಳಗೆ ಪೊಲೀಸರಿಗೆ ತಿಳಿಸಬೇಕು.

ಹೆಜ್ಜೆ 7: ಮಕ್ಕಳ ಜೊತೆ ಮಾತು

ಚಿಕ್ಕವರಿಗೆ ಹೇಳಬೇಕಾದ್ದು ಇಷ್ಟೇ: ಬಂದೂಕು ಕಂಡರೆ ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು. ಆಟಿಕೆ ಥರ ಕಂಡರೂ ಸರಿ. ಆದರೆ ಹೇಳಿಕೊಟ್ಟಿದ್ದೇವೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಪಾಠ ಕೇಳಿದ ಮಕ್ಕಳೂ ಒಂಟಿಯಾಗಿ ಸಿಕ್ಕಾಗ ಎತ್ತಿ ನೋಡುತ್ತಾರೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ.

ಮಿಡಲ್ ಸ್ಕೂಲ್ ದಾಟಿದವರಿಗೆ ಬೇರೆ ಮಾತು. ಡಿಸ್ಕಾರ್ಡಿನಲ್ಲೋ ಸ್ನ್ಯಾಪ್‌ಚಾಟಿನಲ್ಲೋ "ನಾಳೆ ಸ್ಕೂಲಿಗೆ ಬರಬೇಡಿ" ಅಂತ ತಮಾಷೆಗೆ ಬರೆದರೂ ಅದು ತಮಾಷೆಯಾಗಿ ಉಳಿಯುವುದಿಲ್ಲ. ಎಸ್‌ಬಿ 906ರ ಪ್ರಕಾರ ನಂಬಬಹುದಾದ ಬೆದರಿಕೆ ಶಾಲೆಯವರ ಕಣ್ಣಿಗೆ ಬಿದ್ದರೆ ತಕ್ಷಣ ಪೊಲೀಸರಿಗೆ ತಿಳಿಸಲೇಬೇಕು. ಪೊಲೀಸರು ವಿಚಾರಣೆ ಮಾಡುತ್ತಾರೆ, ಮನೆಯವರ ಹೆಸರಲ್ಲಿ ಬಂದೂಕು ಇದೆಯಾ ಅಂತ ದಾಖಲೆಯಲ್ಲೂ ನೋಡುತ್ತಾರೆ. ಗೆಳೆಯ ಬರೆದದ್ದನ್ನು ನೋಡಿದರೆ ಟೀಚರಿಗೆ ಹೇಳು, ಅದು ಚಾಡಿಯಲ್ಲ ಅಂತ ಮಗನಿಗೆ ಹೇಳಿ.

ಶಾಲೆಯಿಂದ ಕರೆ ಬಂದರೆ "ನಮ್ಮ ಹುಡುಗ ಹಾಗಲ್ಲ" ಅಂತ ಶುರು ಮಾಡಬೇಡಿ. 2021ರ ನವೆಂಬರ್ 30ರಂದು ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 15 ವರ್ಷದ ಹುಡುಗ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಅವನು ಬರೆದ ಚಿತ್ರ ತೋರಿಸಿ ಶಾಲೆಯವರು ಅದೇ ಬೆಳಗ್ಗೆ ಅಪ್ಪ-ಅಮ್ಮನನ್ನು ಕರೆಸಿದ್ದರು. ಅವರು ಅವನನ್ನು ಮನೆಗೆ ಕರೆದುಕೊಂಡು ಹೋಗಲಿಲ್ಲ. ಕೆಲವೇ ದಿನ ಮೊದಲು ಅಪ್ಪ ಕೊಂಡ ಪಿಸ್ತೂಲು ಅವನ ಬ್ಯಾಗಿನಲ್ಲೇ ಇತ್ತು. 2024ರಲ್ಲಿ ಅಪ್ಪ-ಅಮ್ಮ ಇಬ್ಬರಿಗೂ ತಲಾ 10ರಿಂದ 15 ವರ್ಷ ಜೈಲಾಯಿತು.

ದಾಳಿಯ ಭಯದಲ್ಲಿ ಇನ್ನೊಂದನ್ನು ಮರೆಯುತ್ತೇವೆ. ಅಮೆರಿಕದ ಗುಂಡಿನ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಮಾರ್ಕ್ಸ್, ಕಾಲೇಜ್ ಸೀಟು, ಒಂಟಿತನ, ನಮ್ಮ ಮನೆಗಳಲ್ಲಿ ಇವೆಲ್ಲ ಇಲ್ಲವಾ? ಮಗು ಮಂಕಾಗಿದ್ದರೆ, ಸಾಯುವ ಮಾತಾಡಿದರೆ, ಬೀಗ ಹಾಕಿದ್ದೇವೆ ಅಂತ ಬಿಡಬೇಡಿ. ಬಂದೂಕನ್ನೇ ಮನೆಯಿಂದ ಹೊರಗೆ ಸಾಗಿಸಿ. ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೆ ಮೊದಲು ಫೋನ್ ಮಾಡಿ, ಇಟ್ಟುಕೊಳ್ಳುತ್ತೀರಾ ಅಂತ ಕೇಳಿ, ಆಮೇಲೆ ಒಯ್ಯಿರಿ. ಊರಲ್ಲಿ ಎಲೆಕ್ಷನ್ ಬಂದಾಗ ಲೈಸೆನ್ಸ್ ಕೋವಿಯನ್ನು ಠಾಣೆಗೆ ಕೊಟ್ಟು ಬರುವುದಿಲ್ಲವಾ, ಅದರಲ್ಲಿ ಅವಮಾನ ಏನೂ ಇಲ್ಲ. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಇಂಗ್ಲಿಷ್ ಕಷ್ಟವಾದರೆ ಇಂಟರ್‌ಪ್ರಿಟರ್ ಬೇಕು ಅನ್ನಿ. ಮನೆಯವರೇ ಯಾರಾದರೂ ಬಂದೂಕಿನಿಂದ ಅನಾಹುತ ಮಾಡಿಕೊಳ್ಳಬಹುದು ಅನ್ನಿಸಿದರೆ ಗನ್ ವಯಲೆನ್ಸ್ ರಿಸ್ಟ್ರೇನಿಂಗ್ ಆರ್ಡರ್ (ಅವರು ಬಂದೂಕು ಇಟ್ಟುಕೊಳ್ಳದಂತೆ ತಡೆಯುವ ಆದೇಶ) ಕೇಳಿ ಕೋರ್ಟಿಗೆ ಹೋಗಬಹುದು. 2016ರಿಂದ ಈ ಅವಕಾಶ ಇದೆ, ಮನೆಯವರೇ ಅರ್ಜಿ ಹಾಕಬಹುದು. ಅಪಾಯ ಈಗಲೇ ಇದ್ದರೆ ಕಾಯಬೇಡಿ, 911.

ಬೇರೆ ರಾಜ್ಯದವರಿಗೆ

ಮೇಲಿನ ಕಾನೂನುಗಳಲ್ಲಿ ಹೆಚ್ಚಿನವು ಕ್ಯಾಲಿಫೋರ್ನಿಯಾಕ್ಕೆ ಸೇರಿದವು. ಮಿಷಿಗನ್‌ನಲ್ಲಿ ಬೀಗದ ಕಾನೂನು 2024ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಎಷ್ಟೋ ರಾಜ್ಯಗಳಲ್ಲಿ ಶಾಲೆ ನೋಟಿಸ್ ಕಳಿಸಬೇಕು ಅಂತಲೇ ಇಲ್ಲ. ಡಾಲಸ್‌ಗೋ ಅಟ್ಲಾಂಟಾಗೋ ಮನೆ ಬದಲಿಸುವವರು ಅಲ್ಲಿನ ಡಿಸ್ಟ್ರಿಕ್ಟಿನ ನಿಯಮ ಕೇಳಿ ತಿಳಿಯಿರಿ. ನೋಟಿಸ್ ಬರದಿದ್ದರೆ ಪಿಟಿಎ ಸಭೆಯಲ್ಲಿ ಪ್ರಿನ್ಸಿಪಾಲರನ್ನು ಕೇಳಿ. ಅಪ್ಪ-ಅಮ್ಮಂದಿರಿಗೆ ಕಳಿಸಬಹುದಾದ ಪತ್ರದ ಮಾದರಿಯನ್ನು ಫೆಡರಲ್ ಶಿಕ್ಷಣ ಇಲಾಖೆ 2024ರ ಜನವರಿಯಲ್ಲಿ ಹೊರಡಿಸಿತ್ತು, ಅದನ್ನು ತೋರಿಸಿ. ಹೊಸ ಊರಿನಲ್ಲಿ ಮಗುವಿಗೆ ಮೊದಲ ಗೆಳೆಯ ಸಿಕ್ಕು ಅವರ ಮನೆಯಿಂದ ಕರೆ ಬಂದಾಗ ನಾಲ್ಕನೇ ಹೆಜ್ಜೆಯ ಮೆಸೇಜನ್ನು ಗೋಡಂಬಿ, ನಾಯಿಯ ಸಮೇತ ಹಾಗೇ ಕಳಿಸಿ.